ದನ ಸತ್ತರೆ, ಮಣ್ಣು ಮಾಡುವ ಮುನ್ನ

ಕಾಡಿನಲ್ಲಿ ಹುಲಿ ಸತ್ತರೆ ಶವಪರೀಕ್ಷೆ ಆಗಲೇಬೇಕು. ಅದು ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ ನಿಯಮ. ಪಶುವೈದ್ಯರು ಬರಬೇಕು, ಹೊರಗಿನ ಸಾಕ್ಷಿಗಳಿರಬೇಕು, ಅಂಗಾಂಗಗಳ ತುಣುಕು ಪ್ರಯೋಗಾಲಯಕ್ಕೆ ಹೋಗಬೇಕು, ಉಳಿದ ಕಳೇಬರವನ್ನು ಎಲ್ಲರ ಕಣ್ಣೆದುರೇ ಸುಡಬೇಕು. ಇದರ ಬಗ್ಗೆ ನನ್ನ ತಕರಾರೇನೂ ಇಲ್ಲ. ಆದರೆ ಅದೇ ಕಾಡಂಚಿನ ಮನೆಯಲ್ಲಿ, ಸಂಜೆ ಹಾಲು ಕೊಟ್ಟ ಹಸು ಬೆಳಗಾಗುವಷ್ಟರಲ್ಲಿ ಕೊಟ್ಟಿಗೆಯಲ್ಲಿ ಸತ್ತು ಬಿದ್ದಿದ್ದರೆ ಏನಾಗುತ್ತದೆ? ಮಧ್ಯಾಹ್ನದೊಳಗೆ ಜೆಸಿಬಿ ಬಂದು ತೋಟದ ಮೂಲೆಯಲ್ಲಿ ಗುಂಡಿ ತೋಡುತ್ತದೆ. ಅರಿಶಿನ ಕುಂಕುಮ ಹಚ್ಚಿ, ಉಪ್ಪು ಸುರಿದು ಮಣ್ಣು ಮುಚ್ಚುತ್ತಾರೆ. ಹಸು ಯಾಕೆ ಸತ್ತಿತು ಎಂದು ಕೇಳಿದರೆ ಹಾವು ಮುಟ್ಟಿರಬೇಕು ಅನ್ನುತ್ತಾರೆ, ಯಾರದೋ ಕಣ್ಣು ಬಿತ್ತು ಅನ್ನುತ್ತಾರೆ. ಕೆಲವರು ದನಿ ತಗ್ಗಿಸಿ ಪಕ್ಕದ ಮನೆಯವರ ಹೆಸರು ಹೇಳುತ್ತಾರೆ.

ಮಲೆನಾಡಿನಲ್ಲೂ ಬಯಲುಸೀಮೆಯಲ್ಲೂ ಪಶುವೈದ್ಯನಾಗಿ ದುಡಿದು ನಿವೃತ್ತನಾಗಿರುವ ನಾನು ಸರ್ಕಾರದ ಮುಂದಿಡುವ ಬೇಡಿಕೆ ಒಂದೇ. ಕಾರಣ ಗೊತ್ತಿಲ್ಲದೆ ಸಾಯುವ ಪ್ರತಿಯೊಂದು ಜಾನುವಾರಿನ ಶವಪರೀಕ್ಷೆ ಉಚಿತವಾಗಿ ಆಗಬೇಕು. ಅದರ ವರದಿ ಕನ್ನಡದಲ್ಲಿ ಸಾಕಿದವರ ಕೈಸೇರಬೇಕು. 2019ರ ಜಾನುವಾರು ಗಣತಿಯ ಪ್ರಕಾರ ನಮ್ಮ ರಾಜ್ಯದಲ್ಲಿ ದನಗಳೇ 84 ಲಕ್ಷಕ್ಕೂ ಹೆಚ್ಚು, ಕುರಿಗಳು ಒಂದು ಕೋಟಿಗೂ ಮೇಲೆ. ಇವುಗಳಲ್ಲಿ ಯಾವುವು ಯಾವ ರೋಗದಿಂದ, ಯಾವ ವಿಷದಿಂದ, ಯಾರ ಅಲಕ್ಷ್ಯದಿಂದ ಸಾಯುತ್ತಿವೆ ಎಂಬ ಲೆಕ್ಕ ಸರಿಯಾಗಿಲ್ಲದೆ ಲಸಿಕೆಗೂ ಔಷಧಕ್ಕೂ ಹಣ ತೆಗೆದಿಡುವುದು ಹೇಗೆ?

ಹಾವೇರಿ ಕಡೆ ಇದ್ದಾಗಿನ ಒಂದು ಪ್ರಸಂಗ ಹೇಳುತ್ತೇನೆ. ಮಳೆ ಕೈಕೊಟ್ಟ ವರ್ಷವದು. ಜೋಳ ಕೊಯ್ದ ಹೊಲದಲ್ಲಿ ಕೂಳೆ ಮತ್ತೆ ಚಿಗುರಿ, ನೀರಿಲ್ಲದೆ ಮೊಳದುದ್ದಕ್ಕೇ ನಿಂತುಬಿಟ್ಟಿತ್ತು. ಅಣ್ಣತಮ್ಮಂದಿರ ಹೊಲ. ನಡುವೆ ಒಂದು ಬದು, ಆ ಬದುವಿನ ಮೇಲೆ ಹಳೆಯದೊಂದು ವ್ಯಾಜ್ಯ. ಅಣ್ಣನ ಎತ್ತುಗಳೆರಡೂ ತಮ್ಮನ ಹೊಲಕ್ಕೆ ನುಗ್ಗಿ ಮೇದು, ಅಲ್ಲೇ ತೂರಾಡಿ ಬಿದ್ದು ಸತ್ತಿದ್ದವು. ನಾನು ಹೋಗುವ ಹೊತ್ತಿಗೆ ಊರು ಎರಡು ಪಾಲಾಗಿ ನಿಂತಿತ್ತು.

“ಸಾಹೇಬ್ರ, ಎಣ್ಣಿ ಹೊಡದಾನ್ರೀ ಅಂವಾ. ಬೇಕಂತನ ಹೊಡದಾನ. ನೀವು ಬರದು ಕೊಡ್ರಿ, ನಾ ಸ್ಟೇಷನ್ನಿಗೆ ಹೊಂಟೇನಿ” ಎಂದ ಅಣ್ಣ. ಎಣ್ಣೆ ಎಂದರೆ ಕೀಟನಾಶಕ.

“ಬರಿಯೋಕಿಂತ ಮೊದಲ ನೋಡಬೇಕಲ್ಲಪಾ, ತಡಿ” ಎಂದೆ.

ಎತ್ತನ್ನು ಎಡಮಗ್ಗುಲಿಗೆ ಮಲಗಿಸಿದೆವು. ಮೆಲುಕು ಹಾಕುವ ಪ್ರಾಣಿಯನ್ನು ಹಾಗೆಯೇ ಮಲಗಿಸಬೇಕು. ಆಗ ಎಡಭಾಗವನ್ನೆಲ್ಲ ತುಂಬಿಕೊಂಡಿರುವ ದೊಡ್ಡ ಹೊಟ್ಟೆ ಕೆಳಗೆ ಹೋಗಿ, ಮಿಕ್ಕ ಅಂಗಗಳು ಕಣ್ಣಿಗೆ ಸಿಗುತ್ತವೆ. ಚರ್ಮ ಬಿಡಿಸುತ್ತಿದ್ದಂತೆ ಹರಿದ ರಕ್ತ ಸತ್ತ ಪ್ರಾಣಿಯ ಕಪ್ಪುಗೆಂಪು ರಕ್ತವಾಗಿರಲಿಲ್ಲ, ಕಣ್ಣು ಕುಕ್ಕುವಷ್ಟು ಕೆಂಪಗಿತ್ತು. ಹೊಟ್ಟೆ ಕೊಯ್ದರೆ ಅರೆಬರೆ ಅಗಿದ ಜೋಳದ ಎಲೆ, ಜೊತೆಗೆ ಕಹಿಬಾದಾಮಿಯ ವಾಸನೆ. ಆ ಮೇವನ್ನು ಒಂದು ಸೀಸೆಗೆ ಹಾಕಿ, ಪಿಕ್ರೇಟ್ ದ್ರಾವಣದಲ್ಲಿ ಅದ್ದಿದ ಹಳದಿ ಕಾಗದದ ಪಟ್ಟಿಯನ್ನು ಬಾಯಿಯಲ್ಲಿ ನೇತುಬಿಟ್ಟು ಮುಚ್ಚಿ ಬಿಸಿಲಿಗಿಟ್ಟೆ. ಅಣ್ಣತಮ್ಮಂದಿರಿಬ್ಬರನ್ನೂ ಪಕ್ಕದಲ್ಲೇ ಕೂರಿಸಿಕೊಂಡೆ. ಅವರು ನೋಡುತ್ತಿದ್ದಂತೆ ಹಳದಿ ಪಟ್ಟಿ ಇಟ್ಟಿಗೆ ಬಣ್ಣಕ್ಕೆ ತಿರುಗಿತು.

ಬೆಳವಣಿಗೆ ಕುಂಠಿತವಾದ ಜೋಳದ ಚಿಗುರಿನಲ್ಲಿ, ಅಗಿದಾಗ ಸಯನೈಡ್ ಬಿಡುವ ವಸ್ತುವೊಂದು ಹೆಚ್ಚಾಗಿರುತ್ತದೆ. ಸಯನೈಡ್ ಹೊಕ್ಕ ಮೈಯಲ್ಲಿ ಜೀವಕೋಶಗಳಿಗೆ ಆಮ್ಲಜನಕವನ್ನು ಬಳಸಿಕೊಳ್ಳುವ ಶಕ್ತಿ ಹೋಗುತ್ತದೆ. ಬಳಕೆಯಾಗದ ಆಮ್ಲಜನಕ ರಕ್ತದಲ್ಲೇ ಉಳಿಯುವುದರಿಂದ ರಕ್ತ ಅಷ್ಟು ಕೆಂಪಗೆ ಕಾಣುತ್ತದೆ. ತಮ್ಮ ಎಣ್ಣೆ ಹೊಡೆದಿರಲಿಲ್ಲ, ಯಾರೂ ಹೊಡೆದಿರಲಿಲ್ಲ. ಬದುವಿನ ವ್ಯಾಜ್ಯ ಅಲ್ಲಿಗೆ ಮುಗಿಯಿತೆಂದು ನಾನು ಹೇಳಲಾರೆ, ವಿಷವಿಕ್ಕಿದ ಆರೋಪವಂತೂ ಮುಗಿಯಿತು. ಅದಕ್ಕಿಂತ ದೊಡ್ಡ ಲಾಭವೆಂದರೆ, ಒಳ್ಳೆ ಮಳೆಯಾಗುವ ತನಕ ಆ ಊರಿನವರು ಕೂಳೆ ಜೋಳಕ್ಕೆ ದನ ಬಿಡಲಿಲ್ಲ. ಪಕ್ಕದ ಊರಿನಲ್ಲಿ ಹೀಗೆಯೇ ಮೇದು ನೆಲಕ್ಕೊರಗಿದ ಒಂದು ಎಮ್ಮೆಗೆ ನಮ್ಮವರು ಹೊತ್ತಿಗೆ ಸರಿಯಾಗಿ ಹೈಪೋ, ಅಂದರೆ ಸೋಡಿಯಂ ಥಯೋಸಲ್ಫೇಟನ್ನು ರಕ್ತನಾಳಕ್ಕೆ ಕೊಟ್ಟು ಬದುಕಿಸಿದರು. ಎತ್ತುಗಳನ್ನು ಹಾಗೇ ಹೂತಿದ್ದರೆ ಆ ಎಮ್ಮೆಯ ಕಾಯಿಲೆ ಯಾವುದೆಂದು ಯಾರಿಗೂ ಹೊಳೆಯುತ್ತಿರಲಿಲ್ಲ.

ಸತ್ತದ್ದನ್ನು ಕೊಯ್ದು ನೋಡಿದರೆ ಬದುಕಿರುವುದು ಉಳಿಯುತ್ತದೆ ಎಂಬುದನ್ನು ಮಲೆನಾಡಿನ ಒಂದು ಕೇರಿಯಲ್ಲಿ ಇನ್ನೂ ಹತ್ತಿರದಿಂದ ಕಂಡೆ. ಅಲ್ಲಿ ಹಸುಗಳು ಒಂದರ ಹಿಂದೊಂದು ಸೊರಗುತ್ತಿದ್ದವು. ಮೇವು ಬಿಡುವುದು, ಇಳಿಜಾರಿನಲ್ಲಿ ಕಾಲಿಡಲು ಹಿಂಜರಿಯುವುದು, ಮುಂಗಾಲಿನ ಮೊಣಕೈ ಹೊರಚಾಚಿ ನಿಂತು ನರಳುವುದು. ಕೊನೆಕೊನೆಗೆ ಗಂಗೆದೊಗಲಿಗೆ ನೀರು ಇಳಿದು, ಕೊರಳಿನ ರಕ್ತನಾಳ ಉಬ್ಬಿ ನಿಲ್ಲುತ್ತಿತ್ತು. ತುಂಬುಗಬ್ಬದ ಹಸುವೊಂದು ಸತ್ತ ದಿನ ನಾನು ಅಲ್ಲಿಗೆ ಹೋದೆ. ಮನೆಯಾಕೆ ಬಾಗಿಲಿಗೆ ಅಡ್ಡ ನಿಂತರು.

“ಕೊಯ್ಯೋದು ಮಾತ್ರ ಬ್ಯಾಡ ಡಾಕ್ಟ್ರೇ. ಮನೆಮಗಳ ಹಂಗೆ ಸಾಕಿದ್ದೆ.”

“ಅಮ್ಮಾ, ಕಟ್ಟಿದೆಯಲ್ಲ ಕಪ್ಪು ಹಸು, ಅದೂ ಹಿಂಗೇ ನರಳ್ತಾ ಇದೆ. ಅದನ್ನಾದ್ರೂ ಉಳಿಸ್ಕೊಬೇಕಲ್ವಾ?”

ಅವರು ಸ್ವಲ್ಪ ಹೊತ್ತು ಕಪ್ಪು ಹಸುವನ್ನೇ ನೋಡುತ್ತಿದ್ದರು. “ಹಂಗಾರೆ ಮಾಡಿ. ನಾ ನೋಡೂಲ್ಲ, ಒಳಗಿರ್ತೀನಿ” ಎಂದು ಹೋದರು.

ಎದೆಗೂಡು ತೆರೆದಾಗ ಹೃದಯ ಹೃದಯದಂತೆ ಕಾಣಲಿಲ್ಲ. ಸುತ್ತಲಿನ ಪೊರೆ ಬೆರಳು ದಪ್ಪಕ್ಕೆ ಬೆಳೆದಿತ್ತು, ಒಳಗೆ ಕೊಳೆತು ನಾರುವ ಕೀವು, ಅದರ ನಡುವೆ ಬೂದುಹಳದಿ ಪದರ ಮೆತ್ತಿಕೊಂಡ ಹೃದಯ. ಬೆರಳಾಡಿಸುತ್ತ ಹೋದಾಗ ತುಕ್ಕು ಹಿಡಿದ ತೆಳುವಾದ ತಂತಿಯ ತುದಿ ಸಿಕ್ಕಿತು. ಅದರ ಇನ್ನೊಂದು ತುದಿ ಎದೆ ಹೊಟ್ಟೆಗಳ ನಡುವಿನ ವಪೆಯನ್ನು ದಾಟಿ ಹೊಟ್ಟೆಯೊಳಗಿತ್ತು.

ದನದ ಹೊಟ್ಟೆಗೆ ನಾಲ್ಕು ಕೋಣೆ. ಅದರಲ್ಲಿ ಎರಡನೆಯದರ ಒಳಮೈ ಜೇನುತಟ್ಟಿಯ ಹಾಗಿರುತ್ತದೆ, ಅದೇ ರೆಟಿಕ್ಯುಲಮ್. ಅದು ಎಲ್ಲಕ್ಕಿಂತ ಮುಂದೆ, ತಗ್ಗಿನಲ್ಲಿದೆ. ದನ ಮೇವನ್ನು ನಾಲಗೆಯಿಂದ ಸೆಳೆದು ಸರಿಯಾಗಿ ಅಗಿಯದೆ ನುಂಗುತ್ತದೆ, ಆಮೇಲೆ ಬಿಡುವಾಗಿ ಮೆಲುಕು ಹಾಕುತ್ತದೆ. ಮೇವಿನೊಡನೆ ಬಂದ ಮೊಳೆ, ತಂತಿ ತಮ್ಮ ಭಾರಕ್ಕೆ ಆ ತಗ್ಗಿನ ಕೋಣೆಗೆ ಇಳಿಯುತ್ತವೆ. ಆ ಕೋಣೆ ಬಿಡದೆ ಹಿಂಡುತ್ತಲೇ ಇರುತ್ತದೆ. ಅದರ ಮುಂದೆ ತೆಳುವಾದ ವಪೆ, ವಪೆಯಾಚೆ ಕೆಲವೇ ಸೆಂಟಿಮೀಟರು ದೂರದಲ್ಲಿ ಹೃದಯ. ಗಬ್ಬದ ಹಸುವಾದರೆ ಬೆಳೆಯುವ ಕರು ಹಿಂದಿನಿಂದ ಒತ್ತುತ್ತದೆ, ತಂತಿ ಇನ್ನೂ ಬೇಗ ಮುಂದೆ ಸರಿಯುತ್ತದೆ. ಕಾಲೇಜಿನಲ್ಲಿ ಚಿತ್ರ ಬರೆದು ಕಲಿತ ಅಂಗರಚನೆ ಇದು. ಆ ತಂತಿಯ ಎರಡೂ ತುದಿಯನ್ನು ಒಂದೊಂದು ಕೈಯಲ್ಲಿ ಹಿಡಿದ ಮೇಲೆ ಚಿತ್ರ ಬೇಕಾಗುವುದಿಲ್ಲ.

ಮಾರನೆಯ ದಿನವೇ ಕಪ್ಪು ಹಸುವಿನ ಶಸ್ತ್ರಚಿಕಿತ್ಸೆ ಮಾಡಿದೆವು. ಹಸುವನ್ನು ನಿಲ್ಲಿಸಿಕೊಂಡೇ ಮಾಡುವ ಶಸ್ತ್ರಚಿಕಿತ್ಸೆ ಇದು. ಎಡ ಅಳ್ಳೆಗೆ ಲಿಗ್ನೊಕೇನ್ ಕೊಟ್ಟು ಮರಗಟ್ಟಿಸಿ, ಚರ್ಮ, ಸ್ನಾಯು, ಪೊರೆಗಳನ್ನು ಒಂದೊಂದಾಗಿ ಬಿಡಿಸಿ, ದೊಡ್ಡ ಹೊಟ್ಟೆಯ ಅಂಚನ್ನು ಗಾಯದ ಸುತ್ತ ಹೊಲಿದು ನಿಲ್ಲಿಸಿ ಆಮೇಲೆ ತೆರೆಯಬೇಕು. ಇಲ್ಲದಿದ್ದರೆ ಒಳಗಿನ ಮೇವು ಉದರಕ್ಕೆ ಜಾರಿ ಹಸು ಉಳಿಯುವುದಿಲ್ಲ. ಆ ಮೇವನ್ನು ಹೊರತೆಗೆದು, ತೋಳನ್ನು ಭುಜದ ತನಕ ಒಳಗಿಳಿಸಿ, ಕಣ್ಣಿಗೆ ಕಾಣದ ಎರಡನೇ ಹೊಟ್ಟೆಯ ಗೋಡೆಯನ್ನು ಬೆರಳ ತುದಿಯಿಂದ ತಡವಬೇಕು. ಅಲ್ಲಿ ತಂತಿ ಸಿಕ್ಕಿತು, ಗೋಡೆಗೆ ನಾಟಿತ್ತು, ವಪೆಯನ್ನು ಇನ್ನೂ ದಾಟಿರಲಿಲ್ಲ. ಹಸು ಬದುಕಿತು. ಎಲ್ಲಿಂದ ಬರುತ್ತಿದೆ ಈ ತಂತಿ ಎಂದು ಕೇರಿಯ ಸುತ್ತ ಹುಡುಕಿದಾಗ ಸಿಕ್ಕಿದ್ದು ಹಳೆಯ ಟೈರು ಸುಟ್ಟ ಜಾಗ. ರಬ್ಬರು ಬೂದಿಯಾಗಿತ್ತು, ಒಳಗಿನ ಉಕ್ಕಿನ ಎಳೆಗಳು ಹುಲ್ಲಿನಲ್ಲಿ ಚೆದುರಿದ್ದವು. ಊರಿನ ಹುಡುಗರು ಅಯಸ್ಕಾಂತ ಹಿಡಿದು ಅವನ್ನೆಲ್ಲ ಆಯ್ದರು. ಉಳಿದ ಹಸುಗಳಿಗೆ ಬೆರಳುದ್ದದ ಅಯಸ್ಕಾಂತವನ್ನು ನುಂಗಿಸಿದೆವು, ಅದು ಅದೇ ತಗ್ಗಿನ ಕೋಣೆಯಲ್ಲಿ ಕೂತು ಕಬ್ಬಿಣದ ಚೂರುಗಳನ್ನು ಹಿಡಿದಿಡುತ್ತದೆ.

ಪಟ್ಟಣದ ಬೀದಿ ದನಗಳ ಹೊಟ್ಟೆಯಿಂದ ಪ್ಲಾಸ್ಟಿಕ್ ತೆಗೆದ ಸುದ್ದಿಯನ್ನು ನೀವು ಓದಿರುತ್ತೀರಿ. 2019ರಲ್ಲಿ ಚೆನ್ನೈನ ಪಶುವೈದ್ಯರು ಒಂದೇ ಹಸುವಿನಿಂದ 52 ಕಿಲೋ ತೆಗೆದರು. ಅದೂ ಇದೇ ದಾರಿಯ ಶಸ್ತ್ರಚಿಕಿತ್ಸೆ. ಅಂಥ ಹಸು ಆಪರೇಷನ್ ಮೇಜಿಗೆ ಬಂದರೆ ಸುದ್ದಿಯಾಗುತ್ತದೆ. ಅದೇ ಕಾರಣಕ್ಕೆ ಸತ್ತು, ಕಾರಣ ಗೊತ್ತಾಗದೆ ಹೂತುಹೋಗುವ ಹಸುಗಳು ಯಾವ ಪುರಸಭೆಯ ಕಡತಕ್ಕೂ ಬರುವುದಿಲ್ಲ.

ಇಷ್ಟು ಹೊತ್ತು ರೈತನ ನಷ್ಟದ ಮಾತಾಯಿತು. ಮನುಷ್ಯರ ಪ್ರಾಣದ ವಿಚಾರಕ್ಕೆ ಬಂದರೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡನ್ನು ನೆನೆಯದೆ ಮುಂದೆ ಹೋಗಲಾಗದು. 1957ರಲ್ಲಿ ಅಲ್ಲಿ ಮುಸಿಯಗಳೂ ಮಂಗಗಳೂ ಮರದಿಂದ ಉದುರಿ ಸಾಯತೊಡಗಿದವು. ಕಾಡಿಗೆ ಸೌದೆ, ಸೊಪ್ಪಿಗೆ ಹೋಗುತ್ತಿದ್ದ ಜನರಿಗೆ ಜ್ವರ ಬಂತು, ಕೆಲವರು ಸತ್ತರು. ಮಂಗ ಸತ್ತು ಮನುಷ್ಯ ಸಾಯುವ ಈ ಕ್ರಮ ಕಂಡು, ಆಫ್ರಿಕಾ, ಅಮೆರಿಕಗಳ ಹಳದಿ ಜ್ವರವೇ ಭಾರತಕ್ಕೆ ಬಂದುಬಿಟ್ಟಿತೇ ಎಂದು ವಿಜ್ಞಾನಿಗಳು ಹೆದರಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಕಾಡಿಗೆ ಬಂದು ಸತ್ತ ಮಂಗಗಳನ್ನು ಕೊಯ್ದು, ಅಂಗಾಂಗಗಳನ್ನು ಒಯ್ದು ವೈರಸನ್ನು ಬೇರ್ಪಡಿಸಿದರು. ಅದು ಹಳದಿ ಜ್ವರವಲ್ಲ, ರಷ್ಯಾದ ಕಾಡುಗಳಲ್ಲಿ ಉಣ್ಣಿಯಿಂದ ಹರಡುವ ಮಿದುಳುಜ್ವರದ ನೆಂಟ, ಜಗತ್ತಿಗೇ ಹೊಸದು ಎಂದು ತಿಳಿಯಿತು. ಇಂದು ಪ್ರಪಂಚದ ವೈದ್ಯಗ್ರಂಥಗಳಲ್ಲೆಲ್ಲ ನಮ್ಮ ಒಂದು ಕಾಡಿನ ಹೆಸರು ಅಚ್ಚಾಗಿರುವುದು ಹೀಗೆ.

ಮಂಗ ಸತ್ತು ಬಿದ್ದಾಗ ಅದರ ಮೈಮೇಲಿನ, ಈ ವೈರಸನ್ನು ಹರಡುವ ಉಣ್ಣಿಗಳು ಸುತ್ತಲ ತರಗೆಲೆಗೆ ಇಳಿಯುತ್ತವೆ. ಆ ಜಾಗ ವಾರಗಟ್ಟಲೆ ಅಪಾಯದ ಜಾಗ. ಹಾಗಾಗಿ ಮಲೆನಾಡಿನಲ್ಲಿ ಸತ್ತ ಮಂಗವೆಂದರೆ ಮುನ್ಸೂಚನೆ. ಎಲ್ಲಿ ಬಿತ್ತು, ಯಾವಾಗ ಬಿತ್ತು, ಅದರಲ್ಲಿ ವೈರಸ್ ಇತ್ತೇ ಎಂಬುದು ಬೇಗ ಗೊತ್ತಾದಷ್ಟೂ ಜನರನ್ನು ಆ ಕಡೆ ಹೋಗದಂತೆ ತಡೆಯಬಹುದು. 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಇದೇ ಕಾಯಿಲೆ ಹಬ್ಬಿ ಸಾವುಗಳಾದಾಗ ಮಲೆನಾಡಿಗೆ ಮಲೆನಾಡೇ ಹೆದರಿ ಕುಳಿತದ್ದನ್ನು ನಾನು ನೋಡಿದ್ದೇನೆ. ಈ ಕೆಲಸದಲ್ಲಿ ಪಶುವೈದ್ಯ, ಅರಣ್ಯ ರಕ್ಷಕ, ಆಶಾ ಕಾರ್ಯಕರ್ತೆ ಒಂದೇ ದಿನ ಒಂದೇ ಜಾಗಕ್ಕೆ ಹೋಗಬೇಕು. ಮೂರು ಇಲಾಖೆಗಳ ನಡುವೆ ಕಾಗದ ಓಡಾಡಿ ಮುಗಿಯುವಷ್ಟರಲ್ಲಿ ಮಂಗದ ದೇಹ ಕೊಳೆತಿರುತ್ತದೆ, ಉಣ್ಣಿ ಮಾತ್ರ ಅಲ್ಲೇ ಇರುತ್ತದೆ.

ಬೇರೆ ದೇಶಗಳಲ್ಲೂ ಇದೇ ಕಥೆ. 1999ರ ಬೇಸಿಗೆಯ ಕೊನೆಯಲ್ಲಿ ನ್ಯೂಯಾರ್ಕಿನಲ್ಲಿ ಜನ ಮಿದುಳುಜ್ವರದಿಂದ ಆಸ್ಪತ್ರೆ ಸೇರುತ್ತಿದ್ದರು. ಆರೋಗ್ಯ ಇಲಾಖೆ ಅದನ್ನು ಸೇಂಟ್ ಲೂಯಿಸ್ ಮಿದುಳುಜ್ವರ ಎಂದು ಘೋಷಿಸಿತು. ಬ್ರಾಂಕ್ಸ್ ಮೃಗಾಲಯದ ರೋಗಶಾಸ್ತ್ರಜ್ಞೆ ಟ್ರೇಸಿ ಮ್ಯಾಕ್‌ನಮಾರಾ ಒಪ್ಪಲಿಲ್ಲ. ಊರಲ್ಲಿ ಕಾಗೆಗಳೂ ಅವರ ಮೃಗಾಲಯದಲ್ಲಿ ಫ್ಲೆಮಿಂಗೋಗಳೂ ಸಾಯುತ್ತಿದ್ದವು. ಅವನ್ನು ಕೊಯ್ದು ನೋಡಿದಾಗ ಮಿದುಳಲ್ಲೂ ಹೃದಯದಲ್ಲೂ ಉರಿಯೂತ ಕಂಡಿತ್ತು. ಸೇಂಟ್ ಲೂಯಿಸ್ ವೈರಸ್ ಹಕ್ಕಿಗಳನ್ನು ಹೀಗೆ ಕೊಲ್ಲುವುದಿಲ್ಲ. ಹಕ್ಕಿಗಳ ಸಾವೂ ಮನುಷ್ಯರ ಸಾವೂ ಒಂದೇ ಎಂದು ಆಕೆ ಪಟ್ಟು ಹಿಡಿದರು, ಮಾದರಿಗಳನ್ನು ಬೇರೆ ಬೇರೆ ಪ್ರಯೋಗಾಲಯಗಳಿಗೆ ಕಳಿಸಿದರು. ಕೊನೆಗೆ ಅದು ಆ ತನಕ ಅಮೆರಿಕದಲ್ಲಿ ಕಾಣದಿದ್ದ ವೆಸ್ಟ್ ನೈಲ್ ವೈರಸ್ ಎಂದು ಸಾಬೀತಾಯಿತು. ಮನುಷ್ಯರ ವೈದ್ಯರು ದಾರಿ ತಪ್ಪಿದ್ದಲ್ಲಿ ಪ್ರಾಣಿವೈದ್ಯೆಯೊಬ್ಬರಿಗೆ ದಾರಿ ಕಂಡದ್ದು ಕಾಗೆಯನ್ನು ಕೊಯ್ದು ನೋಡಿದ್ದರಿಂದ.

ರಣಹದ್ದಿನ ವಿಷಯವನ್ನು ನಾನು ಎಲ್ಲಿ ಮಾತಾಡಲು ಹೋದರೂ ಹೇಳುತ್ತೇನೆ, ಇಲ್ಲೂ ಹೇಳುತ್ತೇನೆ. ತೊಂಬತ್ತರ ದಶಕದಲ್ಲಿ ಭಾರತ ಉಪಖಂಡದ ರಣಹದ್ದುಗಳು ಕಣ್ಮರೆಯಾದವು. ಬಿಳಿಬೆನ್ನಿನ ರಣಹದ್ದು ನೂರಕ್ಕೆ ತೊಂಬತ್ತೊಂಬತ್ತು ಪಾಲಿಗಿಂತ ಹೆಚ್ಚು ಅಳಿಯಿತು. ಯಾವುದೋ ಸೋಂಕು ರೋಗವಿರಬೇಕು ಎಂದು ಬಹಳ ಮಂದಿ ವೈರಸ್ ಹುಡುಕುತ್ತಿದ್ದರು. ಪಾಕಿಸ್ತಾನದಲ್ಲಿ ಅಮೆರಿಕದ ಪಶುವೈದ್ಯ ವಿಜ್ಞಾನಿ ಲಿಂಡ್ಸೆ ಓಕ್ಸ್ ಮತ್ತವರ ತಂಡ ಹದ್ದುಗಳ ತಾಜಾ ಕಳೇಬರ ಹುಡುಕಿ ಕೊಯ್ದರು. ಹೃದಯ, ಯಕೃತ್ತುಗಳ ಮೇಲೆಲ್ಲ ಸುಣ್ಣ ಬಳಿದ ಹಾಗೆ ಯೂರಿಕ್ ಆಮ್ಲದ ಬಿಳಿ ಲೇಪ. ಅಂದರೆ ಮೂತ್ರಪಿಂಡ ಕೆಟ್ಟಿದೆ. ಯಾವುದರಿಂದ ಕೆಟ್ಟಿತು? ಹದ್ದಿನ ಆಹಾರವೆಂದರೆ ಸತ್ತ ದನ. ಹಾಗಾದರೆ ದನಕ್ಕೆ ಕೊಡುವ ಔಷಧಗಳಲ್ಲಿ ಮೂತ್ರಪಿಂಡಕ್ಕೆ ವಿಷವಾಗುವಂಥದ್ದು ಯಾವುದು ಎಂದು ಔಷಧದ ಅಂಗಡಿಗಳಲ್ಲಿ ವಿಚಾರಿಸುತ್ತ ಹೋಗಿ ಅವರು ಡೈಕ್ಲೋಫೆನಾಕ್‌ಗೆ ಬಂದು ನಿಂತರು. ಬಿಳಿ ಲೇಪ ಕಂಡಿದ್ದ 25 ಹದ್ದುಗಳನ್ನು ಪರೀಕ್ಷಿಸಿದರೆ ಇಪ್ಪತ್ತೈದರ ಮೂತ್ರಪಿಂಡದಲ್ಲೂ ಆ ಔಷಧವಿತ್ತು. ಬೇರೆ ಕಾರಣಕ್ಕೆ ಸತ್ತಿದ್ದ 13ರಲ್ಲಿ ಒಂದರಲ್ಲೂ ಇರಲಿಲ್ಲ. 2004ರಲ್ಲಿ ಅದು ಪ್ರಕಟವಾಯಿತು, 2006ರಲ್ಲಿ ಭಾರತ ಪಶುಗಳಿಗೆ ಆ ಔಷಧವನ್ನು ನಿಷೇಧಿಸಿತು. ರಾಮನಗರದ ರಾಮದೇವರ ಬೆಟ್ಟದಲ್ಲಿ ಉಳಿದಿರುವ ಬೆರಳೆಣಿಕೆಯ ರಣಹದ್ದುಗಳನ್ನು ನೋಡಿದಾಗಲೆಲ್ಲ ನನಗನ್ನಿಸುವುದು, ಮೊದಲ ಹದ್ದುಗಳು ಬಿದ್ದ ವರ್ಷವೇ ಯಾರಾದರೂ ಸರಿಯಾಗಿ ಕೊಯ್ದು ನೋಡಿದ್ದರೆ ಈ ಬೆಟ್ಟದ ತುಂಬ ಹದ್ದುಗಳಿರುತ್ತಿದ್ದವು.

ನಮ್ಮಲ್ಲಿ ಈ ವಿದ್ಯೆಯೇ ಇಲ್ಲ ಎಂದಲ್ಲ. ಹೆಬ್ಬಾಳದಲ್ಲಿ ಮೈಸೂರು ಸಂಸ್ಥಾನ 1925ರಷ್ಟು ಹಿಂದೆಯೇ ಸೀರಂ ಇನ್‌ಸ್ಟಿಟ್ಯೂಟ್ ಶುರುಮಾಡಿದ್ದು ದನಗಳ ದೊಡ್ಡರೋಗವನ್ನು, ಅಂದರೆ ರಿಂಡರ್‌ಪೆಸ್ಟನ್ನು, ಎದುರಿಸಲಿಕ್ಕೆ. ದೊಡ್ಡರೋಗದಲ್ಲಿ ಸತ್ತ ದನದ ದೊಡ್ಡಕರುಳಿನ ಕೊನೆಯಲ್ಲಿ ಉದ್ದುದ್ದಕ್ಕೆ ಕಪ್ಪುಗೆಂಪು ಪಟ್ಟೆಗಳಿರುತ್ತಿದ್ದವು. ಹಳೆಯ ವೈದ್ಯರು ಅದನ್ನು ಕಂಡೊಡನೆ ಊರಿಗೆ ಊರನ್ನೇ ಬಂದೋಬಸ್ತು ಮಾಡುತ್ತಿದ್ದರು. ಹಳ್ಳಿಹಳ್ಳಿ ತಿರುಗಿ, ಬಾಯಿಹುಣ್ಣು ಭೇದಿಯಿಂದ ನರಳುವ ದನ ಎಲ್ಲಾದರೂ ಇದೆಯೇ ಎಂದು ಹುಡುಕಿ ಹುಡುಕಿ, 2006ರಲ್ಲಿ ಭಾರತ ದೊಡ್ಡರೋಗದಿಂದ ಮುಕ್ತವೆಂದು ಮಾನ್ಯತೆ ಪಡೆಯಿತು. 2011ರಲ್ಲಿ ಇಡೀ ಜಗತ್ತೇ ಮುಕ್ತವಾಯಿತು. ಮನುಷ್ಯರ ಸಿಡುಬು ಬಿಟ್ಟರೆ ಭೂಮಿಯಿಂದ ನಾವು ಅಳಿಸಿಹಾಕಿರುವ ಇನ್ನೊಂದೇ ರೋಗ ಇದು. ಇವತ್ತು ಅದೇ ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜಿದೆ, ಜೈವಿಕ ಸಂಸ್ಥೆಯಿದೆ. ಯಲಹಂಕದಲ್ಲಿ ಪಶುರೋಗಗಳ ಲೆಕ್ಕವಿಡುವ ರಾಷ್ಟ್ರೀಯ ಸಂಸ್ಥೆ ನಿವೇದಿ ಇದೆ. ಬೀದರ್, ಹಾಸನ, ಶಿವಮೊಗ್ಗಗಳಲ್ಲಿ ಕಾಲೇಜುಗಳಿವೆ. ಬೆಂಗಳೂರಿನಲ್ಲಿ ಸೂಕ್ಷ್ಮದರ್ಶಕ ಸಾಲದೆ ಹೋಗಿಲ್ಲ. ಕೊಟ್ಟಿಗೆಯಿಂದ ಆ ಸೂಕ್ಷ್ಮದರ್ಶಕದ ತನಕ ಒಂದು ತುಣುಕು ಅಂಗ ತಲುಪುವ ದಾರಿಯಿಲ್ಲ.

ಈಗಿರುವ ಶವಪರೀಕ್ಷೆಯ ಸ್ಥಿತಿ ಕೇಳಿ. ವಿಮೆ ಮಾಡಿಸಿದ, ಕಿವಿಗೆ ಓಲೆ ಹಾಕಿದ ಹಸು ಸತ್ತರೆ ವಿಮಾ ಕಂಪನಿಗೆ ವರದಿ ಬೇಕು. ಅದಕ್ಕಾಗಿ ಪಶುವೈದ್ಯ ಬಯಲಲ್ಲಿ, ಬಿಸಿಲಲ್ಲಿ, ಒಂದು ಕೊಡ ನೀರಿಗೂ ಪರದಾಡುತ್ತ ಹಸು ಕೊಯ್ಯುತ್ತಾನೆ. ನಾಲ್ಕು ಊರಾಚೆ ಹೆರಿಗೆ ಕಷ್ಟವಾದ ಎಮ್ಮೆ ಕಾಯುತ್ತಿರುತ್ತದೆ. ಕಂಪನಿಗೆ ಬೇಕಾದ್ದು ಒಂದು ಸಾಲಿನ ಕಾರಣ, ಒಂದು ಸಹಿ, ಓಲೆಯ ಜೊತೆಗೊಂದು ಫೋಟೊ. ಅದು ಸಿಕ್ಕಿದ ಮೇಲೆ ಯಕೃತ್ತಿನ ತುಣುಕನ್ನು ಯಾರೂ ಕೇಳುವುದಿಲ್ಲ. ಹೀಗೆ ಬರೆದ ವರದಿಗಳು ಕಚೇರಿಯ ಕಪಾಟಿನಲ್ಲಿ ಕಟ್ಟುಕಟ್ಟಾಗಿ ಕೂತಿವೆ. ವಿಮೆಯಿಲ್ಲದ ಹಸುವಿಗೆ ಅದೂ ಇಲ್ಲ.

ನಮ್ಮ ಸೆಕೆಯಲ್ಲಿ ಹೊತ್ತು ಬಹಳ ಮುಖ್ಯ. ದನ ಸತ್ತ ಮೇಲೂ ಅದರ ದೊಡ್ಡ ಹೊಟ್ಟೆಯಲ್ಲಿ ಮೇವು ಹುಳಿಯುತ್ತಲೇ ಇರುತ್ತದೆ, ಮೈ ಬಿಸಿ ಇಳಿಯುವುದಿಲ್ಲ. ಕೆಲವೇ ಗಂಟೆಗಳಲ್ಲಿ ಮೂತ್ರಪಿಂಡ ಮೆತ್ತಗಾಗುತ್ತದೆ, ಕರುಳಿನ ಒಳಪದರ ಕಳಚುತ್ತದೆ, ರೋಗದ ಗುರುತು ಯಾವುದು ಕೊಳೆತದ ಗುರುತು ಯಾವುದು ಎಂದು ಹೇಳಲಾಗದು. ಅಂಗದ ತುಣುಕು ಅರ್ಧ ಸೆಂಟಿಮೀಟರಿಗಿಂತ ದಪ್ಪವಿದ್ದರೆ ಫಾರ್ಮಲಿನ್ ಒಳಗಿಳಿಯುವುದಿಲ್ಲ, ಹೊರಗೆ ಗಟ್ಟಿಯಾಗಿ ಒಳಗೆ ಕೊಳೆಯುತ್ತದೆ. ತುಣುಕಿನ ಹತ್ತು ಪಟ್ಟು ಫಾರ್ಮಲಿನ್ ಬೇಕು. ಇಷ್ಟು ಸಣ್ಣ ವಿಷಯಗಳ ಮೇಲೆ ಇಡೀ ವರದಿ ನಿಂತಿದೆ. ಇದಕ್ಕೆ ಬೇಕಾದ ಸೀಸೆ, ಫಾರ್ಮಲಿನ್ನು, ಹರಿತವಾದ ಚಾಕು, ಕೈಗವಸು ಪ್ರತಿ ಪಶು ಆಸ್ಪತ್ರೆಯಲ್ಲೂ ಸದಾ ಸಿದ್ಧವಿರಬೇಕು ಎನ್ನುವುದು ದುಬಾರಿ ಬೇಡಿಕೆಯೇ?

ಎರಡು ಮೂರು ಆಕ್ಷೇಪಣೆಗಳು ಬರುತ್ತವೆಂದು ಬಲ್ಲೆ. ಹಸುವನ್ನು ಕೊಯ್ಯಲು ಮನಸ್ಸು ಒಪ್ಪುವುದಿಲ್ಲ ಎನ್ನುವವರ ದುಃಖವನ್ನು ನಾನು ಗೌರವಿಸುತ್ತೇನೆ. ಒತ್ತಾಯ ಮಾಡಬಾರದು. ಆದರೆ ಕಾರಣ ಬಿಡಿಸಿ ಹೇಳಿದಾಗ ಒಪ್ಪದವರು ನನಗೆ ಸಿಕ್ಕಿದ್ದು ಬಹಳ ಕಡಿಮೆ. ಅಪಾಯದ ಮಾತು ಅದಕ್ಕಿಂತ ಗಂಭೀರ. ನೆರಡಿ ರೋಗ, ಅಂದರೆ ಆಂಥ್ರಾಕ್ಸ್ ಶಂಕೆ ಇದ್ದರೆ ಕಳೇಬರಕ್ಕೆ ಚಾಕು ತಾಗಿಸಲೇಬಾರದು. ಗಾಳಿ ಸೋಕಿದೊಡನೆ ಆ ರೋಗಾಣು ಬೀಜಕವಾಗಿ ಮಣ್ಣು ಸೇರಿ ದಶಕಗಟ್ಟಲೆ ಬದುಕುತ್ತದೆ. ಗಟ್ಟಿಯಿದ್ದ ದನ ಹಠಾತ್ತಾಗಿ ಸತ್ತು, ಮೂಗು ಗುದಗಳಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರುತ್ತಿದ್ದರೆ ಕಿವಿಯ ರಕ್ತನಾಳದಿಂದ ಒಂದು ಹನಿ ತೆಗೆದು ಗಾಜಿನ ಪಟ್ಟಿಗೆ ಸವರಿ ಮೊದಲು ನೋಡಬೇಕು. ನೀಲಿ ಬಣ್ಣದ ದಂಡಾಣುಗಳ ಸುತ್ತ ಗುಲಾಬಿ ಕವಚ ಕಂಡರೆ ಅಲ್ಲಿಗೆ ಪರೀಕ್ಷೆ ಮುಗಿಯಿತು, ಹಾಗೇ ಆಳವಾಗಿ ಹೂಳಬೇಕು ಇಲ್ಲವೇ ಸುಡಬೇಕು. ಯಾವುದನ್ನು ತೆರೆಯಬಾರದು ಎಂದು ತಿಳಿಯುವುದೂ ಈ ವಿದ್ಯೆಯ ಭಾಗವೇ. ಇವತ್ತಿನ ಸ್ಥಿತಿಯಲ್ಲಿ ನೆರಡಿಯಿಂದ ಸತ್ತ ದನವೂ ಜೋಳ ತಿಂದು ಸತ್ತ ದನವೂ ಒಂದೇ ರೀತಿ, ಒಂದೇ ಆಳಕ್ಕೆ ಹೂತುಹೋಗುತ್ತಿವೆ. ಅಪಾಯ ಅಲ್ಲಿದೆ.

ಇನ್ನೊಂದು ವಿಷಯವನ್ನು ನಮ್ಮ ಇಲಾಖೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಶವಪರೀಕ್ಷೆಯಲ್ಲಿ ಚಾಕು ಹಿಡಿದ ಕೈ ಬಹಳ ಸಲ ವೈದ್ಯನದಲ್ಲ. ಸತ್ತ ದನವನ್ನು ಎಳೆದುಹಾಕುವ, ಚರ್ಮ ಸುಲಿಯುವ ಕೆಲಸವನ್ನು ತಲೆತಲಾಂತರದಿಂದ ದಲಿತ ಕೇರಿಯ ಮೇಲೆ ಹೊರಿಸಿ, ಅದೇ ಕೆಲಸಕ್ಕಾಗಿ ಅವರನ್ನು ದೂರ ಇಟ್ಟ ಸಮಾಜ ನಮ್ಮದು. ದನದ ಒಳಗನ್ನು ಅವರಷ್ಟು ನೋಡಿದವರು ಯಾರೂ ಇರಲಿಲ್ಲ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನ ಜೊತೆಗಿದ್ದ ಹಿರಿಯ ಸಹಾಯಕರೊಬ್ಬರು ಯಕೃತ್ತನ್ನು ಕೊಯ್ಯುವಾಗ ಬರುವ ಕರಕರ ಸದ್ದಿನಿಂದಲೇ ಒಳಗೆ ಚಪ್ಪಟೆ ಹುಳುವಿದೆ ಎಂದು ಹೇಳುತ್ತಿದ್ದರು. ಪಿತ್ತನಾಳಗಳು ಸುಣ್ಣಗಟ್ಟಿ ಗಟ್ಟಿಯಾಗಿರುತ್ತಿದ್ದವು, ಅವರ ಮಾತು ತಪ್ಪುತ್ತಿರಲಿಲ್ಲ. ಅವರ ಹೆಸರು ಯಾವ ವರದಿಯಲ್ಲೂ ಬರಲಿಲ್ಲ. ಆ ಹೇರಿಕೆಯ ಕೆಲಸವನ್ನು ಇಂದಿನ ಮಕ್ಕಳು ಒಲ್ಲೆವೆಂದರೆ ಅದು ನೂರಕ್ಕೆ ನೂರು ನ್ಯಾಯ. ಮುಂದೆ ಇದು ಯಾರ ಹುಟ್ಟಿಗೂ ಅಂಟಿಕೊಳ್ಳದ, ತರಬೇತಿ, ರಕ್ಷಣಾ ಉಡುಪು, ಒಳ್ಳೆ ಸಂಬಳವಿರುವ ತಾಂತ್ರಿಕ ಹುದ್ದೆಯಾಗಬೇಕು. ಮೊದಲ ಚಾಕು ವೈದ್ಯನೇ ಹಿಡಿಯಬೇಕು.

ವರದಿಯ ಭಾಷೆಯ ಬಗ್ಗೆಯೂ ನನಗೆ ಹಟವಿದೆ. 12ನೇ ಶತಮಾನದಲ್ಲೇ ಚಾಲುಕ್ಯರ ಕೀರ್ತಿವರ್ಮ ಕನ್ನಡದಲ್ಲಿ ‘ಗೋವೈದ್ಯ’ ಎಂಬ ಗ್ರಂಥ ಬರೆದ ನಾಡು ಇದು. ಹಸು ಕಳಕೊಂಡ ಹೆಣ್ಣುಮಗಳಿಗೆ ನಾವು ಇಂಗ್ಲಿಷಿನಲ್ಲಿ ಟೈಪು ಮಾಡಿದ ಅರ್ಧ ಹಾಳೆ ಕೊಟ್ಟು ಕಳಿಸುತ್ತಿದ್ದೇವೆ. ‘ನಿಮ್ಮ ಹಸುವಿನ ಯಕೃತ್ತಿನಲ್ಲಿ ಚಪ್ಪಟೆ ಹುಳುಗಳಿದ್ದವು. ಬಸವನಹುಳು ಇರುವ ಕೆರೆಯಂಚಿನ ಹುಲ್ಲನ್ನು ಮೇಯಿಸಬೇಡಿ. ಉಳಿದ ದನಗಳಿಗೆ ಇಂಥ ಔಷಧ ಹಾಕಿಸಿ’ ಎಂದು ಮೂರು ವಾಕ್ಯ ಬರೆಯಲು ಯಾವ ಆದೇಶಕ್ಕೆ ಕಾಯಬೇಕು?

ತಾಲ್ಲೂಕಿಗೊಂದು ಸಿಮೆಂಟು ಕಟ್ಟೆ, ಮೇಲೊಂದು ಸೂರು, ನೀರು, ಕೊಳೆ ಹರಿದುಹೋಗಲು ಮುಚ್ಚಿದ ಚರಂಡಿ, ಕಳೇಬರ ಸಾಗಿಸಲು ಒಂದು ವಾಹನ, ಜಿಲ್ಲೆಗೊಬ್ಬ ರೋಗಶಾಸ್ತ್ರಜ್ಞ. ಮುಂದಿನ ಬಜೆಟ್ಟಿನಲ್ಲಿ ಇದಕ್ಕೆ ಎಲ್ಲ ಜಿಲ್ಲೆಗಳಿಗೂ ಹಣ ಸಾಲದಿದ್ದರೆ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು, ಚಾಮರಾಜನಗರಗಳಿಂದ ಶುರುಮಾಡಲಿ. ಕಾಡು ಕೊಟ್ಟಿಗೆಗೆ ತಾಗಿಕೊಂಡಿರುವುದು ಅಲ್ಲಿ. ಅಲ್ಲಿ ದನ ಮೇಯುವ ಜಾಗದಲ್ಲೇ ಮಂಗ ಸಾಯುತ್ತದೆ, ಅದೇ ಜಾಗದಲ್ಲಿ ಜನ ಸೊಪ್ಪು ಕೊಯ್ಯುತ್ತಾರೆ. ಹೊಸದೊಂದು ರೋಗ ಬರುವುದಿದ್ದರೆ ಅದು ಮೊದಲು ಕಾಣಿಸಿಕೊಳ್ಳುವುದೂ ಬಹುಶಃ ಅಲ್ಲೇ, ಯಾರದೋ ಕೊಟ್ಟಿಗೆಯಲ್ಲಿ.